ಗೇರ್‌ಬಾಕ್ಸಿನೊಳಗೆ ಅರಿಸಿನ

ಎಂಟನೆಯ ಬೋಲ್ಟು ಹಟ ಹಿಡಿಯಿತು.

"ಬಯ್ಯಬ್ಯಾಡ ಕಣ್ಣು," ಎಂದರು ಮಾದವನ್, ಸ್ಟೂಲಿನ ಮೇಲೆ ಕೂತಲ್ಲಿಂದಲೇ. "ಮೊದ್ಲು ಒಳಕ್ಕೆ ಅರ್ಧ ಸುತ್ತು ಕೊಡು. ಆಮ್ಯಾಕೆ ಈಚೆಗೆ ತಿರುಗ್ಸು. ತಾನಾಗೇ ಬತ್ತದೆ."

ಕಿರಿಯರನ್ನೆಲ್ಲ ಅವರು ಅಕ್ಕರೆಯಿಂದ ಕರೆಯುವುದೇ ಕಣ್ಣು ಎಂದು. ಮಣಿಮೇಗಲೈ ಬಾಯಿಬಿಟ್ಟು ಬೈದಿರಲಿಲ್ಲ. ಆದರೆ ಎಪ್ಪತ್ತು ವರ್ಷದ ಆ ಮನುಷ್ಯನಿಗೆ ಬೋಲ್ಟಿನ ಮನಸ್ಸೂ ತಿಳಿಯುತ್ತಿತ್ತು, ಬಿಚ್ಚುವವರ ಮನಸ್ಸೂ ತಿಳಿಯುತ್ತಿತ್ತು. ಅವಳು ಹೇಳಿದಂತೆ ಮಾಡಿದಳು. ಬೋಲ್ಟು ಸದ್ದಿಲ್ಲದೆ ಕೈಗೆ ಬಂತು.

ಆ ಗೇರ್‌ಬಾಕ್ಸನ್ನು ಮಾದವನ್ ಮುಟ್ಟುವಂತಿರಲಿಲ್ಲ. ಕೋರ್ಟಿನ ಅಪ್ಪಣೆಯೇ ಹಾಗಿತ್ತು. ಬಿಚ್ಚುವುದು ಕೊಂಬೈ ಊರಿನ ಅವರ ಶೆಡ್ಡಿನಲ್ಲೇ, ಯಾಕೆಂದರೆ ಅಷ್ಟು ಹಳೆಯ ಗಾಡಿಗೆ ಹೊಂದುವ ಸ್ಪ್ಯಾನರುಗಳು ಕಣಿವೆಯಲ್ಲಿ ಬೇರೆಲ್ಲೂ ಇಲ್ಲ. ಬಿಚ್ಚುವ ಕೈ ಮಾತ್ರ ದಿಂಡಿಗಲ್ಲಿನಿಂದ ಬಂದ ವಾಹನ ಅಪಘಾತಗಳ ಸರ್ವೇಯರ್ ಮಣಿಮೇಗಲೈಯದು. ಬಾಗಿಲ ಬಳಿ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ನಡೆದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಆಡಿ ತಿಂಗಳ ಗಾಳಿ ಶೆಡ್ಡಿನ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು.

ಆರು ತಿಂಗಳ ಹಿಂದೆ, ತಮಿಳು ಪಂಚಾಂಗದ ಮಾಸಿ ಮೂರರಂದು, ಏಲಕ್ಕಿ ವ್ಯಾಪಾರಿ ತಮಿಳ್‌ಸೆಲ್ವನ್ ತನ್ನ ಎಪ್ಪತ್ತು ವರ್ಷ ಹಳೆಯ ಮಾರಿಸ್ ಕಾರಿನಲ್ಲಿ ಬೋಡಿಮೆಟ್ಟಿನ ಘಾಟಿ ಇಳಿಯುತ್ತಿದ್ದಾಗ ಎರಡನೇ ಗೇರು ಜಾರಿ, ಕಾರು ತಿರುವು ದಾಟಿ ಕಂದಕಕ್ಕೆ ಬಿದ್ದು, ಆತ ಸತ್ತಿದ್ದ. ಅದಕ್ಕೆ ಇಪ್ಪತ್ತೇಳು ದಿನ ಮೊದಲು, ಹಿಂದಿನ ತೈ ತಿಂಗಳ ಐದರಂದು, ಆ ಗೇರ್‌ಬಾಕ್ಸ್ ರಿಪೇರಿ ಮಾಡಿಕೊಟ್ಟವರು ಮಾದವನ್.

ಈಗ ಆ ಸಾವು ಅವರ ತಲೆಗೆ ಬಂದಿತ್ತು. ನಾಳೆ ಉತ್ತಮಪಾಳಯಂ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಅವರು ಕೂತಿದ್ದರು. ಜೈಲಿನ ಭಯ ಅವರಿಗಿರಲಿಲ್ಲ. ಐವತ್ತು ವರ್ಷ ಕಾಲ ಹಳೆಯ ಗಾಡಿಗಳಿಗೆ ಮರುಜನ್ಮ ಕೊಟ್ಟ ತನ್ನ ಕೈ ಕೊನೆಗೆ ಒಬ್ಬನನ್ನು ಕೊಂದಿತೇ ಎಂಬ ಒಂದೇ ಪ್ರಶ್ನೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಈಚೆಗೆ ಆ ಕೈ ನಡುಗುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಅಪ್ಪನನ್ನ ಉಳಿಸಿ ಅಕ್ಕಾ," ಎಂದು ದಿಂಡಿಗಲ್ಲಿಗೆ ಬಂದು ಅವಳ ಮುಂದೆ ಅತ್ತವನು ಮಾದವನ್ ಅವರ ಮಗ ಕಾರ್ತಿ. ದಿನಾ ಸಂಜೆ ಫೋನ್ ಮಾಡಿ, ಏನು ಸಿಕ್ಕಿತು ಎಂದು ಕೇಳುತ್ತಿದ್ದವನೂ ಅವನೇ. ಇವತ್ತಿನವರೆಗೆ ಅವನಿಗೆ ಹೇಳಲು ಅವಳ ಬಳಿ ಏನೂ ಇರಲಿಲ್ಲ.

ಪಕ್ಕದ ಮುಚ್ಚಳ ಬಂತು. ಮಣಿಮೇಗಲೈ ಟಾರ್ಚಿನ ಬೆಳಕು ಬಿಟ್ಟಳು. ಎರಡನೇ ಗೇರಿನ ಚಕ್ರದ ಮಗ್ಗುಲಲ್ಲಿ ಮೂರು ಚುಕ್ಕಿಗಳು ಸಾಲಾಗಿ ಕಂಡವು.

ಆ ಚುಕ್ಕಿ ಏನೆಂದು ಕಣಿವೆಯ ಹಳೆ ಕಾರಿನವರಿಗೆಲ್ಲ ಗೊತ್ತು. ಸವೆದ ಚಕ್ರವನ್ನು ತೆಗೆದ ಕೂಡಲೇ ಮಾದವನ್ ಅದಕ್ಕೆ ಪಂಚ್‌ನಿಂದ ಮೂರು ಚುಕ್ಕಿ ಹೊಡೆಯುತ್ತಾರೆ, ಮತ್ತೆ ಯಾರೂ ಬಳಸದಿರಲಿ ಎಂದು. ಆಮೇಲೆ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಾರಿನ ಯಜಮಾನನ ಕೈಗೇ ಕೊಡುತ್ತಾರೆ. ನಿನ್ನ ಗಾಡಿಯ ಹಲ್ಲು, ನಿನ್ನ ಹತ್ತಿರವೇ ಇರಲಿ ಎನ್ನುತ್ತಾರೆ. ಅಂಥ ಚಕ್ರ ಈಗ ಒಳಗೆ ಕೂತಿತ್ತು. ಲಿವರ್ ಹಾಕಿದಾಗ ಕಚ್ಚಿ ಹಿಡಿಯಬೇಕಾದ ಅದರ ಹಲ್ಲುಗಳು ಸಕ್ಕರೆ ಬಿಲ್ಲೆಯ ಅಂಚಿನಂತೆ ದುಂಡಗಾಗಿದ್ದವು. ಇಳಿಜಾರಿನಲ್ಲಿ ಭಾರ ಬಿದ್ದರೆ ಅದು ಜಾರದೆ ಇನ್ನೇನು.

ಮಾದವನ್ ನೋಡಿದರು. ಬಹಳ ಹೊತ್ತು ನೋಡಿದರು.

"ಅಷ್ಟೇ ಕಣ್ಣು. ಮುಗೀತು," ಎಂದರು. "ಪಳೇದನ್ನ ಒಳಕ್ಕಾಕಿ, ಒಸದನ್ನ ಗಂಟು ಕಟ್ಟಿ ಕೊಟ್ಟಿವ್ನಿ. ಆ ಮನುಷ ನಂಬಿ ಓಡ್ಸುದ."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು. ಅವರಿಗೂ ಪಾಪ ಅನ್ನಿಸಿತ್ತು.

ಮಣಿಮೇಗಲೈ ಮುಚ್ಚಳವನ್ನು ತಿರುಗಿಸಿ ಹಿಡಿದಳು. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಎಣ್ಣೆ ಸೋರದಂತೆ ಇಡುವ ಕಾಗದದ ಚೌಕಟ್ಟು, ಗ್ಯಾರೇಜಿನವರು ಪ್ಯಾಕಿಂಗ್ ಎನ್ನುವುದು, ಅದಕ್ಕೇ ಅಂಟಿಕೊಂಡಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿದಳು. ಒಣಗಿದ್ದ ಕಾಗದ ಸುಲಭವಾಗಿ ಎದ್ದಿತು. ಎಣ್ಣೆ ಒಳ ಅಂಚಿಗೆ ಮಾತ್ರ ಇಳಿದಿತ್ತು.

ಕಾಗದದ ಮೇಲೆ ಅಕ್ಷರಗಳಿದ್ದವು.

"ಮಾಮ," ಎಂದಳು ಮೆಲ್ಲಗೆ. "ಪ್ಯಾಕಿಂಗ್‌ಗೆ ನೀವು ಏನ್ ಕಡುದಾಸಿ ಪೋಡ್ತೀರಿ... ಆಕ್ತೀರಿ?"

ಇಬ್ಬರ ಮನೆಮಾತೂ ಕಾಗದಕ್ಕೆ ಕಡುದಾಸಿ ಎನ್ನುವ ಕನ್ನಡವೇ ಆದರೂ ದಿಂಡಿಗಲ್ಲಿನಲ್ಲಿ ಬೆಳೆದವಳ ಬಾಯಲ್ಲಿ ಅದು ಮೂರನೇ ಗೇರಿಗೆ ಬರುವ ಹೊತ್ತಿಗೆ ತಮಿಳಾಗಿಬಿಡುತ್ತಿತ್ತು. ಬೇರೆ ದಿನವಾಗಿದ್ದರೆ ಮಾದವನ್ ಅದನ್ನೇ ಹಿಡಿದು ಅವಳನ್ನು ಅರ್ಧ ಗಂಟೆ ಆಡಿಸುತ್ತಿದ್ದರು.

"ಕ್ಯಾಲೆಂಡರ್ ಅಟ್ಟೆ, ದಪ್ಪ ರಟ್ಟು," ಎಂದರು. "ಎರಡು ಮಗ್ಗುಲೂ ಗ್ರೀಸ್ ಅಚ್ಚಿ. ಯಾಕೆ?"

"ಇದು ಕ್ಯಾಲೆಂಡರ್ ಅಲ್ಲ. ಗ್ರೀಸೂ ಇಲ್ಲ. ಯಾವ್ದೋ ವಿಶೇಷಕ್ಕೆ ಕರೆಯೋ ಪತ್ರಿಕೈ. ಮಂಜಳ್ ಮೆತ್ತಿದ್ದು."

ಅರಿಸಿನದ ಮಾತು ಬಂದದ್ದೇ ಮುದುಕರು ಸ್ಟೂಲಿನಿಂದ ಎದ್ದುಬಿಟ್ಟರು. "ಮಂಜಳ್ ಮೆತ್ತಿದ್ದಾ? ಅದು ನನ್ನ ವೇಲೆ ಅಲ್ಲ, ನಾನು ಮಾಡಿದ್ದಲ್ಲ. ಸಾಮಿ ಮುಂದೆ ಇಟ್ಟು ಮಂಜಳ್ ಮೆತ್ತಿದ ಕಡುದಾಸಿಗೆ ನಾನು ಕತ್ರಿ ಮುಟ್ಸಿದ್ದೇ ಇಲ್ಲ. ಬೇಕಾದ್ರೆ ಬಂದು ಅಟ್ಟದ ಮ್ಯಾಲೆ ನೋಡು, ನನ್ನ ಮದ್ವೆ ಕಾಲದಿಂದ ಬಂದ ಪತ್ರಿಕೈ ಎಲ್ಲಾ ಅಂಗೇ ಅವೆ."

ಅವರ ಮುಖದಲ್ಲಿ ಆರು ತಿಂಗಳಿಂದ ಇಲ್ಲದಿದ್ದ ಬೆಳಕು ಬಂತು. ಅದನ್ನು ಕಂಡು ಅವಳಿಗೂ ಜೀವ ಬಂದಂತಾಯಿತು. ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಉಳಿದಿದ್ದ ಅಕ್ಷರಗಳನ್ನು ಓದಿದಳು. ಮೇಲಿನ ಪಟ್ಟಿಯಲ್ಲಿ ತಮಿಳಿನಲ್ಲಿ 'ಕಾದಣಿ ವಿಳಾ' ಎಂದಿತ್ತು, ಕಿವಿ ಚುಚ್ಚುವ ಶಾಸ್ತ್ರ. ಕೆಳಗೆ 'ಮಾಸಿ ಹದಿನೆಂಟು'. ಪಕ್ಕದ ಪಟ್ಟಿಯಲ್ಲಿ ಅರ್ಧ ಕತ್ತರಿಸಿಹೋದ ಒಂದು ಹೆಸರು: ಜನನಿ.

"ಮಾಮ, ನೀವು ಕಾರ್ ಕೊಟ್ಟಿದ್ದು ತೈ ಐದಕ್ಕೆ. ಈ ಪತ್ರಿಕೈ ಅಚ್ಚಾಗಿದ್ದೇ ಆಮೇಲೆ ಇರ್ಬೇಕು. ನಿಮ್ಮ ಕೈ ಬಿಟ್ಟ ಮೇಲೆ ಯಾರೋ ಬಿಚ್ಚಿದಾರೆ. ಒಸ ಚಕ್ರ ತೆಗ್ದು, ಗಂಟಲ್ಲಿದ್ದ ಪಳೇದನ್ನ ಆಕಿದಾರೆ."

ಮಾದವನ್ ಕೈ ಚಾಚಿದರು. ಮುಟ್ಟಬಾರದು ಎಂದು ಹೆಡ್ ಕಾನ್‌ಸ್ಟೇಬಲ್ ಹೇಳುವಷ್ಟರಲ್ಲಿ ಕಾಗದ ಅವರ ಅಂಗೈಯಲ್ಲಿತ್ತು. ಅದರ ಬಲಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅರಿಸಿನದ ಒಂದು ಗೆರೆ ಇಳಿದಿತ್ತು. ಸಣ್ಣ ಗೆರೆ, ಮಣಿಮೇಗಲೈಯ ಕಿರುಬೆರಳಿಗಿಂತ ಸಣ್ಣದು, ಸ್ವಲ್ಪ ವಕ್ರ. ಮುದುಕರ ಹೆಬ್ಬೆರಳು ಆ ಗೆರೆಯ ಮೇಲೆ ಮೆಲ್ಲಗೆ ಕೊನೆಯವರೆಗೂ ಹೋಗಿ, ಅಲ್ಲೇ ನಿಂತಿತು.

ಅವರ ಮುಖದ ಬೆಳಕು ಆರಿಹೋಯಿತು.

"ಬರ್ಕೊಳ್ಳಿ ಸಾರ್," ಎಂದರು ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ. "ಇದನ್ನ ಕತ್ರಿಸಿದ್ದು ನಾನೇ. ಮರ್ತಿದ್ದೆ. ಸತ್ತವನು ಒಂದ್ಸಲ ವಾಪಸ್ ತಂದಿದ್ದ, ಆಗ ಬಿಚ್ಚಿ ಮುಚ್ಚಿದೆ."

"ಮಾಮ," ಎಂದಳು ಮಣಿಮೇಗಲೈ, "ಈಗ್ತಾನೇ ಅಟ್ಟದ ಮಾತು ಹೇಳಿದಿರಿ."

"ವಯಸ್ಸಾತು ಕಣ್ಣು. ಬಾಯಿ ಒಂದು ಯೋಳ್ತದೆ, ಕೈ ಒಂದು ಮಾಡ್ತದೆ." ಅವರು ಕಾಗದವನ್ನು ಮುಚ್ಚಳದ ಮೇಲೆ ಇಟ್ಟು, ಮತ್ತೆ ಅವಳನ್ನು ನೋಡದೆ ಮನೆಯೊಳಗೆ ಹೋದರು.

ಮಣಿಮೇಗಲೈ ಅಲ್ಲೇ ನಿಂತಳು. ತಪ್ಪೊಪ್ಪಿಕೊಳ್ಳುವವರನ್ನು ಅವಳು ನೋಡಿದ್ದಳು, ತಪ್ಪು ಮುಚ್ಚಿಡುವವರನ್ನು ಅದಕ್ಕಿಂತ ಹೆಚ್ಚು ನೋಡಿದ್ದಳು. ಮುಳುಗುತ್ತಿರುವವನು ಕೈಗೆ ಸಿಕ್ಕ ಹಗ್ಗವನ್ನು ತಾನಾಗಿ ಬಿಡುವುದನ್ನು ನೋಡಿದ್ದು ಇದೇ ಮೊದಲು. ಆ ಹಳದಿ ಗೆರೆಯಲ್ಲಿ ಅವರು ಏನನ್ನು ಓದಿದರು?

ಮಜ್ಜಿಗೆ ತಂದುಕೊಟ್ಟ ಪಾಂಡಿಯಮ್ಮಾಳ್ ಮಾದವನ್ ಅವರ ಹೆಂಡತಿ. ಒಳಗೇನು ಸಿಕ್ಕಿತೆಂದು ಆಕೆಗಿನ್ನೂ ಗೊತ್ತಿರಲಿಲ್ಲ. ಜನನಿ ಎಂಬುದು ಈ ಮನೆಯ ಮೊಮ್ಮಗಳ ಹೆಸರೆಂದು ನೆನಪಾಗಿ, ಮಣಿಮೇಗಲೈ ಲೋಟ ಹಿಡಿದುಕೊಂಡೇ ಕಿವಿ ಚುಚ್ಚುವ ಶಾಸ್ತ್ರದ ಬಗ್ಗೆ ಕೇಳಿದಳು. "ಅತ್ತೆ, ಜನನಿ ಕಾದುಕುತ್ತು ಚೆನ್ನಾಗಿ ಆಯ್ತಾ?"

"ಎಲ್ಲಿ ಆಯ್ತು? ಮಗಳ ಮನೆಗೆ ಪತ್ರಿಕೈ ಬಂದ ಮಾರನೆ ದಿವ್ಸವೇ ಪಂಗಾಳಿ ದಾಯಾದೀಲಿ ಒಂದು ಸಾವು. ನಿಂತೋಯ್ತು. ಒಂದು ಪತ್ರಿಕೈನೂ ಊರಿಗೆ ಕೊಡ್ಲಿಲ್ಲ. ಎಲ್ಲಾ ತೇವಾರದಲ್ಲಿ ಮಾಪಿಳ್ಳೆ ಮನೇಲೇ ಕಟ್ಟಾಗಿ ಬಿದ್ದವೆ. ಈಗ ಆವಣಿ ತಿಂಗಳಿಗೆ ಒಳ್ಳೆ ನಾಳು ನೋಡಿದ್ದೀವಿ, ಬರೋ ವಾರ."

ಮಾಪಿಳ್ಳೆ, ಅಂದರೆ ಅಳಿಯ ಅಜಿತ್‌ಕುಮಾರ್. ತೇವಾರಂ ಊರಿನಲ್ಲಿ ಹೊಸ ಕಾರುಗಳ ಗ್ಯಾರೇಜು ಇಟ್ಟವನು. ಮಾವನ ಕೈ ನಡುಗುತ್ತದೆ, ಶೆಡ್ಡು ಮುಚ್ಚಿಸಿ ಎಂದು ನಾಲ್ಕು ಜನರ ಮುಂದೆ ಹೇಳಿದವನು. ತಮಿಳ್‌ಸೆಲ್ವನ್‌ನ ಉಳಿದ ಕಾರುಗಳ ಸರ್ವೀಸು ಅವನದೇ. ಮಗಳ ಗಂಡನನ್ನು ಉಳಿಸಲು ಮುದುಕರು ಹಗ್ಗ ಬಿಟ್ಟರೆಂದರೆ ಅರ್ಥವಿತ್ತು. ಮಣಿಮೇಗಲೈ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಸ್ಕೂಟರ್ ಹತ್ತಿದಳು.

ಗ್ಯಾರೇಜಿನಲ್ಲಿ ಎರಡು ಕಾರುಗಳು ಲಿಫ್ಟಿನ ಮೇಲೆ ನಿಂತಿದ್ದವು. ಅಜಿತ್‌ಕುಮಾರ್ ಕೈ ಒರೆಸಿಕೊಳ್ಳುತ್ತ ಬಂದ. ಹಿಂದೆಯೇ ಐದು ವರ್ಷದ ಜನನಿ ಒಂದು ಹಳೇ ಬೇರಿಂಗನ್ನು ಬಳೆಯಂತೆ ಕೈಗೆ ತೊಟ್ಟುಕೊಂಡು ಬಂದಳು.

"ಬನ್ನಿ ಅಕ್ಕಾ. ಟೀ ತರಿಸ್ಲಾ?"

"ಬೇಡ. ಜನನಿ ಪತ್ರಿಕೈ ಕಟ್ಟು ಎಲ್ಲಿ?"

"ಮನೇಲಿ, ಬೀರು ಮೇಲೆ. ಯಾಕೆ?"

ಅವಳು ಫೋನಿನಲ್ಲಿ ತೆಗೆದಿದ್ದ ಚಿತ್ರವನ್ನು ಅವನ ಮುಂದೆ ಹಿಡಿದಳು. "ತಮಿಳ್‌ಸೆಲ್ವನ್ ಗೇರ್‌ಬಾಕ್ಸ್ ಒಳಗೆ ಇತ್ತು."

ಅವನು ಚಿತ್ರ ನೋಡಿದ, ಅವಳ ಮುಖ ನೋಡಿದ. ಕೈ ಒರೆಸುವುದು ನಿಂತಿತು.

"ನಾನು ಅಂತೀರಾ?"

"ಪತ್ರಿಕೈ ಇದ್ದಿದ್ದು ನಿಮ್ಮ ಮನೇಲಿ. ಗೇರ್‌ಬಾಕ್ಸ್ ಇಳಿಸಿ ಏರ್ಸೋಕೆ ಎರಡು ದಿವ್ಸದ ವೇಲೆ. ಆ ಕಾರ್ ಇದ್ದ ಶೆಡ್ಡಿಗೆ ನೀವು ಹೋಗಿ ಬರ್ತಿದ್ರಿ."

"ನಾನು ಕೇಳಿ ಬೀಗ ತೆಗೆಸ್ಕೊಂಡು ಹೋಗ್ತಿದ್ದೆ. ಬೀಗದ ಸಾವಿ ನನ್ನ ಹತ್ರ ಇರ್ಲಿಲ್ಲ." ಅವನ ದನಿ ಏರಲಿಲ್ಲ, ತಗ್ಗಿತು. "ಒಂದು ನಿಮಿಷ ಇರಿ."

ಅವನು ಬೆಂಚಿನಿಂದ ಒಂದು ಟ್ಯೂಬು ತಂದು ಅವಳ ಕೈಗಿಟ್ಟ. ಹಲ್ಲುಜ್ಜುವ ಪೇಸ್ಟಿನಂಥದ್ದು, ಕಪ್ಪು ಗೋಂದು.

"ಈ ಗ್ಯಾರೇಜ್ ತೆರೆದ ದಿವ್ಸದಿಂದ ನಾನು ಪ್ಯಾಕಿಂಗ್‌ಗೆ ಕಡುದಾಸಿ ಕತ್ರಿಸಿಲ್ಲ ಅಕ್ಕಾ. ಇದನ್ನ ಇಸುಕ್ತೀವಿ, ಮುಚ್ತೀವಿ. ನಿಮ್ಮ ಚಿತ್ರದಲ್ಲಿ ಅಂಚು ನೋಡಿ. ಕತ್ರಿ ಅಲ್ಲ, ಮುಚ್ಚಳದ ಮೇಲೆ ಕಡುದಾಸಿ ಇಟ್ಟು ಗುಂಡು ಸುತ್ತಿಗೇಲಿ ತಟ್ಟಿ ತೆಗೆದಿದ್ದು. ಅದು ಮಾಮ ಕಲಿಸೋ ವೇಲೆ. ನಂಗೆ ಕಲಿಸ್ಲಿಲ್ಲ. ಎರಡು ಸಲ ಕೇಳ್ದೆ. ಟ್ಯೂಬು ಇಸುಕೋನಿಗೆ ಯಾಕೆ ಅಂದ್ರು."

ಆ ಮಾತಿನಲ್ಲಿದ್ದ ನೋವು ಹಳೆಯದು, ಅಷ್ಟೇ ನಿಜವಾದದ್ದು. ಮಣಿಮೇಗಲೈಗೆ ಅವನ ಮೇಲಿದ್ದ ಅನುಮಾನ ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಬಿಡಲಿಲ್ಲ.

"ಕಟ್ಟು ತೋರ್ಸಿ."

ಮನೆ ಗ್ಯಾರೇಜಿನ ಹಿಂದೆಯೇ. ಅವನು ಬೀರುವಿನ ಮೇಲಿಂದ ಕಟ್ಟು ಇಳಿಸಿ ಧೂಳು ಊದಿದ. ಪ್ರೆಸ್ಸಿನವರು ಹಾಕಿದ ದಾರದ ಗಂಟು ಹಾಗೇ ಇತ್ತು. ಆರು ತಿಂಗಳಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

"ಮಂಜಳ್ ಇಲ್ಲ," ಎಂದಳು ಮಣಿಮೇಗಲೈ, ಮೇಲಿನ ಪತ್ರಿಕೆಯ ಮೂಲೆ ನೋಡುತ್ತ.

"ಕೊಡೋ ದಿವ್ಸ ತಾನೇ ಮೆತ್ತೋದು. ಕೊಡಲೇ ಇಲ್ಲ." ಅವನು ಅವಳ ಫೋನನ್ನು ಮತ್ತೆ ಕೇಳಿ ಇಸಿದುಕೊಂಡ. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದ. ಹಳದಿ ಗೆರೆ ಪರದೆಯ ತುಂಬ ಬಂತು.

"ಅಕ್ಕಾ. ಇದು ಕಟ್ಟಿನ ಪತ್ರಿಕೈ ಅಲ್ಲ."

"ಮತ್ತೆ?"

"ನೀವು ದಿಂಡಿಗಲ್ಲಲ್ಲಿ ಬೆಳೆದವರು, ಮರ್ತಿರ್ತೀರಿ. ಊರಿಗೆ ಕೊಡೋ ಪತ್ರಿಕೈಗೆ ನಾಲ್ಕು ಮೂಲೇಲಿ ಮಂಜಳ್. ದೊಡ್ಡೋರು ಮೆತ್ತೋದು. ಒಂದೇ ಒಂದಕ್ಕೆ ಮಾತ್ರ, ಪ್ರೆಸ್ಸಿನೋರು ಕಟ್ಟದೆ ಬಿಡಿಯಾಗಿ ಕೊಡೋದಕ್ಕೆ, ಸುತ್ತಾ ಗೆರೆ ಎಳೀತಾರೆ. ಅದನ್ನ ಕಿವಿ ಚುಚ್ಚಿಸ್ಕೊಳ್ಳೋ ಮಗೂನೇ ಎಳೀಬೇಕು, ತನ್ನ ಬೆರಳಲ್ಲಿ. ಪತ್ರಿಕೈ ಪ್ರೆಸ್ಸಿಂದ ಬಂದ ದಿವ್ಸವೇ ಸಾಮಿ ಮುಂದೆ ಇಟ್ಟು ಕೊಟ್ಟುಬಿಡ್ಬೇಕು. ತೈ ಇಪ್ಪತ್ತೈದು. ಕೊಂಬೈ ಮನೇಲಿ ಮಾಡಿದ್ವಿ. ಮಂಜಳ್ ಬಟ್ಲು ಹಿಡ್ಕೊಂಡಿದ್ದು ಮಾಮನೇ."

ಮಣಿಮೇಗಲೈಗೆ ತನ್ನ ಅಜ್ಜಿ ಹೇಳುತ್ತಿದ್ದ ಮಾತುಗಳು ಎಲ್ಲಿಂದಲೋ ನೆನಪಿಗೆ ಬಂದವು. ಕಿವಿ ಚುಚ್ಚುವಾಗ ಮಗು ಕೂರುವುದು ಅಪ್ಪನ ಮಡಿಲಲ್ಲಲ್ಲ, ಅಮ್ಮನ ಮಡಿಲಲ್ಲೂ ಅಲ್ಲ. ಅಳುವ ಮಗುವನ್ನು ತಬ್ಬಿ ಹಿಡಿಯುವ ಹಕ್ಕು ಒಬ್ಬನದೇ. ಮೊದಲ ಪತ್ರಿಕೆಯೂ ಅವನದೇ.

"ತಾಯ್‌ಮಾಮನಿಗೆ," ಎಂದಳು. ಸೋದರಮಾವನಿಗೆ.

"ತಾಯ್‌ಮಾಮನಿಗೆ," ಎಂದ ಅಜಿತ್‌ಕುಮಾರ್. "ಕಾರ್ತಿ ಮಚ್ಚಾನ್‌ಗೆ. ಜನನಿ ಅಮ್ಮನಿಗೆ ಒಡಹುಟ್ಟಿದೋನು ಅವನೊಬ್ನೇ."

ಹೊರಗೆ ಲಿಫ್ಟು ಇಳಿಯುವ ಸದ್ದು ಕೇಳುತ್ತಿತ್ತು.

ಕಾರ್ತಿ. ಹದಿನೆಂಟನೆಯ ವಯಸ್ಸಿನವರೆಗೆ ಅಪ್ಪನ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದವನು. ಆಮೇಲೆ ತಮಿಳ್‌ಸೆಲ್ವನ್‌ನ ಏಲಕ್ಕಿ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ, ಯಜಮಾನನ ಕಾರಿನ ಶೆಡ್ಡಿನ ಬೀಗದಕೈ ಇಟ್ಟುಕೊಂಡವನು. ಹಳೆಯ ಚಕ್ರದ ಗಂಟು ಆ ಶೆಡ್ಡಿನ ಗೂಡಿನಲ್ಲೇ ಇದ್ದಿರಬೇಕು. ಮುಚ್ಚಳ ತೆಗೆಯುವಾಗ ಅಪ್ಪನ ಕ್ಯಾಲೆಂಡರ್ ಅಟ್ಟೆ ಹರಿದಿದೆ. ಬೇರೆ ದಪ್ಪ ಕಾಗದ ಅಲ್ಲಿ ಸಿಕ್ಕಿಲ್ಲ, ಅಥವಾ ಹುಡುಕುವ ತಾಳ್ಮೆ ಇರಲಿಲ್ಲ. ಬ್ಯಾಗಿನಲ್ಲಿ ಪತ್ರಿಕೆ ಇತ್ತು. ಮುಚ್ಚಿದ ಮೇಲೆ ಅದನ್ನು ಯಾರು ನೋಡುತ್ತಾರೆ ಎಂದುಕೊಂಡಿರಬೇಕು. ಅಪ್ಪ ಎಂದೂ ಮಾಡದ ಕೆಲಸವನ್ನು ಅಪ್ಪ ಕಲಿಸಿದ ಸುತ್ತಿಗೆಯಲ್ಲೇ ಮಾಡಿದ್ದ.

ಯಾಕೆ ಮಾಡಿದ? ಅದು ಅವಳಿಗೆ ತಿಳಿಯಲಿಲ್ಲ. ಅದಕ್ಕಿಂತ ದೊಡ್ಡ ಒಗಟು ಇನ್ನೊಂದಿತ್ತು. ಯಾರೂ ಕೇಳದಿದ್ದರೂ ದಿಂಡಿಗಲ್ಲಿಗೆ ಬಂದು, ಅಪ್ಪನನ್ನು ಉಳಿಸಿ ಎಂದು ಕಣ್ಣೀರು ಹಾಕಿದ್ದೇಕೆ? ಆ ಕಣ್ಣೀರು ಸುಳ್ಳಿನದಲ್ಲ. ಸುಳ್ಳು ಅಳುವನ್ನು ಅವಳು ಬಲ್ಲಳು. ತಾನು ಸಿಕ್ಕದೆ ಅಪ್ಪ ಮಾತ್ರ ಉಳಿಯಬೇಕು ಎಂದು ಅವನು ಬಯಸಿದ್ದರೆ, ಅಂಥದ್ದೊಂದು ದಾರಿಯನ್ನು ಅವಳು ಹುಡುಕಿಕೊಡಲಿ ಎಂದು ದಿನಾ ಸಂಜೆ ಕಾದಿದ್ದನೇ? ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಮರುಕವೂ ಬಂತು.

ಮಾದವನ್ ಮಾತ್ರ ಬೆಳಗ್ಗೆಯೇ ತಿಳಿದುಕೊಂಡಿದ್ದರು. ಇಡೀ ಕಣಿವೆಯಲ್ಲಿ ಆ ಗೆರೆಯನ್ನು ಗುರುತು ಹಿಡಿಯಬಲ್ಲವರು ಆ ಮನೆಯ ನಾಲ್ಕಾರು ಜನ, ಅದರಲ್ಲಿ ಅವರೊಬ್ಬರು. ತನ್ನ ಕೈ ಯಾರನ್ನೂ ಕೊಂದಿಲ್ಲ ಎಂಬ ಸಂತೋಷವನ್ನು ಅವರು ಅನುಭವಿಸಿದ್ದು ಎರಡು ನಿಮಿಷ.

"ಅತ್ತೆ," ಎಂದಳು, ಕೊಂಬೈಗೆ ಫೋನ್ ಹಚ್ಚಿ. "ಮಾಮ ಎಲ್ಲಿ?"

"ಇಲ್ವಲ್ಲ ಕಣ್ಣು. ನೀನು ಓದ ಮ್ಯಾಲೆ ಕಾರ್ತಿಗೆ ಫೋನ್ ಮಾಡಿ ಬಾ ಅಂದ್ರು. ಅವ್ನು ಬಂದ. ಇಬ್ರೂ ನಮ್ಮ ಪಳೇ ಕಾರು ತಕ್ಕೊಂಡು ಓದ್ರು, ಅರ್ಧ ಗಂಟೆ ಆತು."

"ಎಲ್ಲಿಗೆ?"

"ಬೋಡಿಮೆಟ್ಟಿಗಂತೆ. ನಾಳೆ ಕೋರ್ಟಿಗೆ ಓದ್ರೆ ಮತ್ತೆ ಯಾವಾಗೋ, ಒಂದು ದಪ ಘಾಟಿ ನೋಡ್ಬೇಕು ಅಂದ್ರು. ಕಾರ್ತಿಗೆ ಓಡ್ಸು ಅಂದ್ರು. ನಾನು ಪಕ್ಕದಲ್ಲಿ ಕೂತು ಎರಡನೇ ಗೇರ್ ಕೇಳ್ತೀನಿ ಅಂದ್ರು."

ಮಣಿಮೇಗಲೈ ಬಾಗಿಲ ಕಡೆ ನಡೆದಳು. "ಬೇರೆ ಏನಾದ್ರೂ ಹೇಳಿದ್ರಾ ಅತ್ತೆ? ನೆನಪು ಮಾಡ್ಕೊಳ್ಳಿ."

ಆ ಕಡೆ ಪಾಂಡಿಯಮ್ಮಾಳ್ ಯೋಚಿಸಿದರು. ಏನೂ ಅರಿಯದ ದನಿ ಅದು. ಸಾಮಾನಿನ ಚೀಟಿ ಓದುವಂತೆ ಹೇಳಿದರು.

"ಓಗೋವಾಗ ಒಂದು ಮಾತು ಯೋಳಿದ್ರು. ನಂಗೆ ಅರ್ಥ ಆಗ್ಲಿಲ್ಲ. ಬರೋ ವಾರಕ್ಕೆ ಜನನಿಗೆ ಬೇರೆ ಮಡಿಲು ನೋಡ್ಲಿ ಅಂತ ಮಾಪಿಳ್ಳೆಗೆ ಯೋಳು, ಅಂದ್ರು."

ಮಡಿಲು ಕಾರ್ತಿಯದು, ಘಾಟಿ ತಮಿಳ್‌ಸೆಲ್ವನ್ ಸತ್ತದ್ದು. ಅಜಿತ್‌ಕುಮಾರ್ ಆಗಲೇ ಗ್ಯಾರೇಜಿನ ಜೀಪಿನ ಕೀಲಿ ತೆಗೆದುಕೊಂಡಿದ್ದ. ಜನನಿ ಬೇರಿಂಗ್ ತೊಟ್ಟ ಕೈಯಲ್ಲಿ ಅವನ ಅಂಗಿ ಹಿಡಿದು, ಕಾರ್ತಿ ಮಾಮ ಬರ್ತಾರಾ ಎಂದು ಕೇಳುತ್ತಿದ್ದಳು.